ಶ್ರೀಕಂಠನ ಬೆಟ್ಟ ಪ್ರದಕ್ಷಿಣೆ

ಟೋಕಿಯೋದ ಫುನಾಬೊರಿಯ ಶ್ರೀಕಂಠನನ್ನು ನೀವು ನೋಡಿಲ್ಲದಿದ್ದರೆ ನಷ್ಟವೇನೂ ಇಲ್ಲ. ವಯಸ್ಸು ನಲವತ್ತೇಳು, ಎತ್ತರ ಸಾಧಾರಣ, ಹೊಟ್ಟೆ ಮಾತ್ರ ಅಸಾಧಾರಣ. ದಿನಾ ಬೆಳಿಗ್ಗೆ ನಿಶಿ ಕಸಾಯಿ ಸ್ಟೇಷನ್ನಿನ ತನಕ ಸೈಕಲ್ ತುಳಿದುಕೊಂಡು ಹೋಗಿ, ಅಲ್ಲಿಂದ ತೋಝಾಯಿ ಲೈನಿನ ರೈಲಿನಲ್ಲಿ ಬಾಗಿಲ ಗಾಜಿಗೆ ಕೆನ್ನೆ ಒತ್ತಿಕೊಂಡು ಆಫೀಸಿಗೆ ಹೋಗುತ್ತಾನೆ. ಬ್ಯಾಂಕೊಂದರ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುವುದು ಅವನ ಕೆಲಸ. ರೈಲಿನಲ್ಲಿ ವರ್ಷಕ್ಕೆ ನಾಲ್ಕೈದು ಕೊಡೆ ಮರೆಯುವುದು ಅವನ ಹವ್ಯಾಸ. ಗಾಜಿಗೆ ಅಂಟಿಕೊಂಡ ಆ ಕೆನ್ನೆಯ ಹಿಂದೆ ಒಬ್ಬ ಮಹಾರಥಿ ಅಡಗಿದ್ದಾನೆಂದು ಅಕ್ಕಪಕ್ಕ ನಿಂತು ತೂಕಡಿಸುವ ಜಪಾನೀಯರಿಗೆ ಗೊತ್ತಾಗುವ ಹಾಗಿಲ್ಲ. ಶ್ರೀಕಂಠನಿಗೆ ಮಾತ್ರ ಗೊತ್ತಿತ್ತು.

ಮೈಸೂರಿನ ಸರಸ್ವತಿಪುರಂನಲ್ಲಿ ಅವನ ಅಪ್ಪನದೊಂದು ಹಳೇ ಅಂಬಾಸಿಡರ್ ಇತ್ತು. ಮೀಸೆ ಮೂಡುವ ಹೊತ್ತಿಗೇ ಅದರ ಸ್ಟಿಯರಿಂಗ್ ಅವನ ಕೈಗೆ ಬಂದಿತ್ತು. ಬಳಗದ ಯಾವ ಮದುವೆಯೇ ಆಗಲಿ, ಮದುಮಗನಿಗಿಂತ ಮೊದಲು ಶ್ರೀಕಂಠನ ದಿನಾಂಕ ಗೊತ್ತುಮಾಡುತ್ತಿದ್ದರು. ಒಂಬತ್ತು ಜನ ಚಿಕ್ಕಮ್ಮ ದೊಡ್ಡಮ್ಮಂದಿರನ್ನು ಒಂದೇ ಕಾರಿನಲ್ಲಿ ತುಂಬಿಕೊಂಡು, ಒಂದು ಕೈ ಹಾರ್ನಿನ ಮೇಲೆ ಊರಿ, ಆಷಾಢ ಶುಕ್ರವಾರದ ಜನಜಂಗುಳಿಯಲ್ಲಿ ಚಾಮುಂಡಿ ಬೆಟ್ಟ ಹತ್ತಿಸಿದ ವೀರ ಅವನು. ಅಂಥವನು ಜಪಾನಿಗೆ ಬಂದು ಹನ್ನೊಂದು ವರ್ಷ ರೈಲಿನ ಹಿಡಿಕೆಗೆ ನೇತಾಡಿದ. ವಾಹನ ಕಳೆದುಕೊಂಡ ದೇವರ ಹಾಗೆ ಇತ್ತು ಅವನ ಸ್ಥಿತಿ.

ಕೊನೆಗೂ ಜಪಾನಿ ಲೈಸೆನ್ಸ್ ಮಾಡಿಸಲು ಹೊರಟ. ನಮ್ಮ ಊರಿನ ಲೈಸೆನ್ಸ್ ತೋರಿಸಿದರೆ ಅಲ್ಲಿಯದನ್ನು ಕೊಡುತ್ತಾರೆ, ನಿಜ. ಆದರೆ ಮೊದಲು ಪರೀಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಮೈದಾನದಲ್ಲಿ ಓಡಿಸಿ ತೋರಿಸಬೇಕು. ಮೊದಲನೇ ಸಲ ಫೇಲಾದ, ಏಕೆಂದರೆ ಹತ್ತುವ ಮೊದಲು ಬಗ್ಗಿ ಕಾರಿನ ಅಡಿಗೆ ನೋಡಲಿಲ್ಲ. ಎರಡನೇ ಸಲ ನೋಡಿದ. ಅವನು ನೋಡಿದ್ದು ಪರೀಕ್ಷಕನಿಗೆ ಕಾಣಲಿಲ್ಲವಾದ್ದರಿಂದ ಫೇಲಾದ. ಮೂರನೇ ಸಲ ಎಡಗಡೆ, ಬಲಗಡೆ, ಮೂರು ಕನ್ನಡಿ, ಎರಡು ಭುಜದ ಹಿಂದೆ ಎಷ್ಟು ನೋಡಿದನೆಂದರೆ ಎದುರಿಗಿದ್ದ ರಸ್ತೆಯನ್ನು ನೋಡುವುದು ಮರೆತುಹೋಯಿತು. ನಾಲ್ಕನೇ ಸಲ ಎಲ್ಲವೂ ಸಾಂಗವಾಗಿ ನಡೆದು, ಕೊನೆಯ ತಿರುವಿನಲ್ಲಿ ಅಂಗೈ ತಾನಾಗಿಯೇ ಹೋಗಿ ಹಾರ್ನ್ ಒತ್ತಿಬಿಟ್ಟಿತು. ಮೈದಾನದಲ್ಲಿ ಬೇರೆ ಗಾಡಿಯೇ ಇರಲಿಲ್ಲ. ಐದನೇ ಸಲ ಭರತನಾಟ್ಯದವರ ಹಾಗೆ ಕತ್ತು, ಕಣ್ಣು, ಹುಬ್ಬು ಮೂರನ್ನೂ ಆಡಿಸುತ್ತ, ಬೆರಳು ಚಾಚಿ "ಮಿಗಿ ಯೋಶಿ, ಹಿದಾರಿ ಯೋಶಿ" ಎಂದು ಗಟ್ಟಿಯಾಗಿ ಕೂಗಿ, ಅಂದರೆ ಬಲಗಡೆ ಸರಿ, ಎಡಗಡೆ ಸರಿ ಎಂದು ಲೋಕಕ್ಕೆಲ್ಲ ಸಾರಿ, ಪಾಸಾದ. ಆ ಅಭ್ಯಾಸ ಅಂಟಿಕೊಂಡೇಬಿಟ್ಟಿತು. ಈಗ ಅವನು ಫ್ರಿಜ್ಜಿನ ಬಾಗಿಲು ತೆಗೆಯುವಾಗಲೂ ಎರಡೂ ಕಡೆ ನೋಡುತ್ತಾನೆ.

ಲೈಸೆನ್ಸ್ ಬಂತು, ಕಾರು ಬರಲಿಲ್ಲ. ಅಡ್ಡ ನಿಂತಿದ್ದವಳು ಹೆಂಡತಿ ವಿಜಯಾ.

ವಿಜಯಾ ಫುನಾಬೊರಿಯ ಅರ್ಧ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಡಂ. ಲೆಕ್ಕ ಸರಿಯಿದ್ದು ಕೊನೆಯಲ್ಲಿ ಗೆರೆ ಸೊಟ್ಟಗಿದ್ದರೂ ಅರ್ಧ ಮಾರ್ಕು ಕಳೆಯುವವಳು. ಮದುವೆಯಾದಾಗಿನಿಂದ ಒಂದು ಹೇರ್‌ಪಿನ್ನನ್ನೂ ಕಳೆದುಕೊಂಡವಳಲ್ಲ ಎಂಬ ಕೀರ್ತಿ ಅವಳದು. ಆ ಕೀರ್ತಿಯನ್ನು ಹರಡಿದವಳೂ ಅವಳೇ. "ಮನೆ ಕೆಳಗೆ ಬಸ್ಸು, ಆ ಕಡೆ ರೈಲು. ಕೊಡೆ ನೆಟ್ಟಗೆ ಇಟ್ಕೊಳ್ಳೋಕೆ ಬರ್ದೇ ಇರೋರಿಗೆ ಕಾರ್ ಯಾಕ್ರೀ?" ಎಂಬುದು ಅವಳ ವಾದ. ಶ್ರೀಕಂಠನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಕೊಡೆಯೂ ಇರಲಿಲ್ಲ.

ಹೀಗಿರುವಾಗ ಜರ್ಮನಿಯಿಂದ ಬಾಣ ಬಂದು ನಾಟಿತು. ವಿಜಯಾಳ ತಮ್ಮ ಗಿರಿಧರ್ ಅಲ್ಲಿ ಇಂಜಿನಿಯರು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅವನು ಒಂದೇ ಏಟಿಗೆ ಮೂವತ್ತು ಫೋಟೋ ಹಾಕಿದ. ಕಪ್ಪಗೆ ಒತ್ತಾಗಿ ನಿಂತ ಪೈನ್ ಕಾಡು, ಬೆಟ್ಟದ ಮಡಿಲಲ್ಲಿ ಕಿಟಕಿಗೊಂದು ಹೂಕುಂಡ ಇಟ್ಟುಕೊಂಡ ಮರದ ಮನೆಗಳ ಪುಟ್ಟ ಊರು, ಅಂಗೈಯಗಲದ ಕೇಕು, ಎಲ್ಲ ಫೋಟೋದಲ್ಲೂ ಒಂದು ಮೂಲೆಯಲ್ಲಿ ಅವನ ಹೊಸ ಕಾರಿನ ಮೂತಿ. ಕೆಳಗೆ ಒಂದು ಸಾಲು: "ಫ್ಯಾಮಿಲಿ ಜೊತೆ ಬ್ಲ್ಯಾಕ್ ಫಾರೆಸ್ಟ್ ಡ್ರೈವ್. ಸ್ವಂತ ಕಾರಿನ ಮಜಾನೇ ಬೇರೆ, ಅಲ್ವಾ ಭಾವ?"

ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ವಿಜಯಾಳೇ ಕರಗಿದಳು. ಕರಗಿದಳೆಂದರೆ ಪ್ರಶ್ನೆಪತ್ರಿಕೆ ತಯಾರಿಸಿದಳು.

"ನೋಡಿ, ಒಂದು ದಿನಕ್ಕೆ ಬಾಡಿಗೆ ಕಾರ್ ತಗೊಳ್ಳಿ. ನಿಕ್ಕೋ ಬೆಟ್ಟಕ್ಕೆ ಕರ್ಕೊಂಡು ಹೋಗಿ. ಮೇಲಿರೋ ಕೆರೆ ತೋರಿಸಿ, ವಾಪಸ್ ಮನೆಗೆ ತಂದು ಬಿಡಿ. ಒಂದು ಎಡವಟ್ಟೂ ಆಗ್ಲಿಲ್ಲ ಅಂದ್ರೆ ಕಾರ್ ತಗೊಳ್ಳೋಣ. ಒಂದೇ ಒಂದು ಆದ್ರೂ..."

"ಆದ್ರೆ?"

"ರಿಟೈರ್ ಆಗೋ ತನಕ ಈ ಮನೇಲಿ ಕಾರ್ ಅನ್ನೋ ಮಾತು ಎತ್ತಬಾರ್ದು."

"ಸಣ್ಣ ಪುಟ್ಟ ಎಡವಟ್ಟಿಗೆ ಮಾಫಿ ಇಲ್ವಾ ವಿಜಿ?"

"ಲೆಕ್ಕದಲ್ಲಿ ಸಣ್ಣ ತಪ್ಪು, ದೊಡ್ಡ ತಪ್ಪು ಅಂತ ಇರಲ್ಲ ರೀ."

ಹೀಗೆ ನವೆಂಬರ್ ಮೊದಲ ವಾರದ, ಎಲೆಗಳು ಕೆಂಪಾಗುವ ಕಾಲದ ಒಂದು ಶನಿವಾರಕ್ಕೆ ದಂಡಯಾತ್ರೆಯ ಮುಹೂರ್ತ ಗೊತ್ತಾಯಿತು.

ಹಿಂದಿನ ಸಂಜೆಯೇ ಬಾಡಿಗೆ ಕಾರು ಬಂದು ನಿಂತಿತ್ತು. ಬಿಳಿ ಬಣ್ಣ, ಡಬ್ಬಿಯಾಕಾರ, ಗುಂಡಿ ಒತ್ತಿದರೆ ತಾನಾಗಿ ಸರಿಯುವ ಪಕ್ಕದ ಬಾಗಿಲು. ಈ ಕಾಲದ ಕಾರಿನ ಕೀ ತೂರಿಸಿ ತಿರುಗಿಸುವಂಥದ್ದಲ್ಲ. ಬೆಂಕಿಪೊಟ್ಟಣದಷ್ಟಿರುವ ಅದು ಕಾರಿನೊಳಗೆ ಎಲ್ಲೋ ಒಂದು ಕಡೆ ಬಿದ್ದಿದ್ದರೆ ಸಾಕು, ಗುಂಡಿ ಒತ್ತಿದೊಡನೆ ಇಂಜಿನ್ ಎದ್ದು ಕೂರುತ್ತದೆ. ಕೀ ಎಲ್ಲಿದೆಯೆಂದು ಕಾರಿಗೆ ಗೊತ್ತಿರುತ್ತದೆ, ಮನುಷ್ಯರಿಗೆ ಗೊತ್ತಿರಬೇಕಾಗಿಲ್ಲ.

ಬಾಡಿಗೆಯದಾದರೇನು, ವಾಹನ ವಾಹನವೇ. ಬೆಳಕು ಹರಿಯುವ ಮೊದಲೇ ವಿಜಯಾ ಕೀಯನ್ನು ದೇವರ ಮುಂದಿನ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ದಾರದಲ್ಲಿ ಎರಡು ಸೇವಂತಿಗೆ ಕಟ್ಟಿ ಪೂಜೆ ಮಾಡಿದಳು. ಕೆಳಗಿನ ಮನೆಯವರಿಗೆ ಎಚ್ಚರವಾಗಬಾರದೆಂದು ತೆಂಗಿನಕಾಯಿಯನ್ನು ಟವೆಲ್ಲಿನಲ್ಲಿ ಸುತ್ತಿ, ಸಿಂಕಿನೊಳಗಿಟ್ಟು, ಕಳ್ಳರ ಹಾಗೆ ಒಡೆದಳು. ಶ್ರೀಕಂಠ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟ. ವಿಜಯಾ ಚೀಲಗಳೊಂದಿಗೆ ಬಂದು ಕೂತಳು, ಅವನು ಗುಂಡಿ ಒತ್ತಿದ, ಕಾರು ಪಚಕ್ಕನೆ ಮುಂದೆ ಹೋಯಿತು. ತಕ್ಷಣ ನಿಲ್ಲಿಸಿ, ಇಳಿದು, ಅಪ್ಪಚ್ಚಿಯಾದ ನಾಲ್ಕೂ ಹಣ್ಣನ್ನು ಟಿಶ್ಯೂನಲ್ಲಿ ಬಳಿದು, ಹಸಿಕಸದ ಕವರಿಗೆ ಹಾಕಿ, ನೆಲ ಒರೆಸಿದ. ನಾಯಿ ತಿರುಗಾಡಿಸಲು ಬಂದಿದ್ದ ಪಕ್ಕದ ಮನೆಯ ವಾತಾನಾಬೆ ಸಾನ್ ಇದನ್ನೆಲ್ಲ ನೋಡುತ್ತ ನಿಂತಿದ್ದರು.

"ಇಂಡಿಯಾ. ಸೇಫ್ಟಿ," ಎಂದು ವಿವರಿಸಿದ ಶ್ರೀಕಂಠ.

"ಆಹ್, ಸೇಫ್ಟಿ," ಎಂದು ವಾತಾನಾಬೆ ಸಾನ್ ತಲೆಬಾಗಿದರು. ನಾಯಿಯೂ ಸುಮ್ಮನಿತ್ತು.

ಆಮೇಲೆ ಮಹಾರಥಿ ಕಾರಿನ ಸುತ್ತ ಒಂದು ಸುತ್ತು ಬಂದು, ಮಂಡಿಯೂರಿ ಅಡಿಗೆ ಇಣುಕಿ ನೋಡಿ, "ಶಿತಾ ಯೋಶಿ" ಎಂದ. ಕೆಳಗಡೆಯೂ ಸರಿ.

ಹಿಂದಿನ ಸೀಟಿನಲ್ಲಿ ಹದಿನೈದರ ಮಗಳು ಸಾಹಿತ್ಯ, ಎಂಟರ ಮಗ ಮೋಹಿತ್. ಸಾಹಿತ್ಯ ಹುಟ್ಟಿದ್ದು ಮೈಸೂರಾದರೂ ಬೆಳೆದದ್ದು ಇಲ್ಲೇ. ಮನೆಯವರ ಪರವಾಗಿ ಡಾಕ್ಟರು, ಗ್ಯಾಸಿನವರು, ವಾರ್ಡ್ ಆಫೀಸಿನವರ ಹತ್ತಿರ ಜಪಾನಿಯಲ್ಲಿ ಮಾತಾಡಿ ಮಾತಾಡಿ ದಣಿದು, ಈಗ ಯಾವಾಗಲೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡಿರುತ್ತಾಳೆ. ಮೋಹಿತನ ಕಾಲ ಬಳಿ ಬಟ್ಟೆಯ ಚೀಲವೊಂದಿತ್ತು, ಮೈಸೂರಿನ ಸೀರೆ ಅಂಗಡಿಯದು. ಪೂಜೆಯ ತಟ್ಟೆಯಲ್ಲಿದ್ದದ್ದನ್ನೆಲ್ಲ ವಿಜಯಾ ಗಡಿಬಿಡಿಯಲ್ಲಿ ಹಾಗೆಯೇ ಅದಕ್ಕೆ ಸುರಿದು ತಂದಿದ್ದಳು. ಬಾಳೆಹಣ್ಣು, ತೆಂಗಿನ ಹೋಳು, ಹೂವು, ಇತ್ಯಾದಿ.

ಆ ಇತ್ಯಾದಿಯ ಬಗ್ಗೆ ಮುಂದೆ ಹೇಳುವುದಿದೆ.

ಹೈವೇ ಸಲೀಸಾಗಿ ಸಾಗಿತು. ದಾರಿಯಲ್ಲಿ ಎರಡು ಸಲ ಕಾಫಿಗೆ ನಿಂತರೂ ಶ್ರೀಕಂಠ ಕಾರು ಬಿಟ್ಟು ಇಳಿಯಲಿಲ್ಲ. ಇಳಿದರೆ ಎಲ್ಲಿ ಕನಸು ಮುಗಿದು ತೋಝಾಯಿ ಲೈನಿನಲ್ಲಿ ಎಚ್ಚರವಾಗುತ್ತದೋ ಎಂಬ ಭಯ. ವಿಜಯಾ ಕೊಂಬಿನಿ ಅಂಗಡಿಯಿಂದ ತಂದುಕೊಟ್ಟ ಕಾಫಿಯನ್ನು ಸ್ಟಿಯರಿಂಗ್ ಮುಂದೆಯೇ ಕುಡಿದ. ದಾರಿ ಬಿಟ್ಟುಕೊಟ್ಟ ಲಾರಿಗಳಿಗೆಲ್ಲ ಇಲ್ಲಿಯ ಪದ್ಧತಿಯಂತೆ ಹಿಂದಿನ ದೀಪ ಮಿಟುಕಿಸಿ ಅರಿಗಾತೋ ಹೇಳಿದ. ಹಾರ್ನಿನ ಕಡೆ ಕೈ ಹೋಗುವಂತಾದಾಗಲೆಲ್ಲ ಆ ಕೈಯಿಂದಲೇ ಕೆನ್ನೆ ಕೆರೆದುಕೊಂಡ.

ಕಾರು ಮಾತ್ರ ಬಾಯಿ ಮುಚ್ಚಲಿಲ್ಲ. ಗೆರೆ ತುಳಿದರೆ ಪೀಂ. ಮುಂದಿನ ಕಾರು ಹೊರಟಿತೆಂದು ಪೀಂ. ಒಂದು ಕಾಫಿ ಕಪ್ಪಿನ ಚಿತ್ರ ತೋರಿಸಿ, ದಣಿದಿದ್ದೀರಿ, ಸುಧಾರಿಸಿಕೊಳ್ಳಿ ಎಂದು ಪೀಂ. ಉತ್ಸುನೊಮಿಯಾ ದಾಟುವ ಹೊತ್ತಿಗೆ ಶ್ರೀಕಂಠನ ಕಿವಿ ಆ ಪೀಂಗಳನ್ನು ಗಂಡಂದಿರಿಗೆ ಸಹಜವಾದ ರೀತಿಯಲ್ಲಿ ಪೂರ್ತಿ ಬಿಟ್ಟುಬಿಡಲು ಕಲಿತಿತ್ತು.

ನಿಕ್ಕೋಗೆ ಹೋಗುವ ದಾರಿಯ ಎರಡೂ ಬದಿಗೆ ನೂರಾರು ವರ್ಷದ ದೇವದಾರುಗಳು ಮಂತ್ರಿಮಂಡಲದ ಹಾಗೆ ಸಾಲಾಗಿ ನಿಂತಿದ್ದವು. ಬೆಟ್ಟದ ಊರು ಬಂತು: ಕಲ್ಲಿನ ಮೋರಿಯಲ್ಲಿ ಝುಳುಝುಳು ನೀರು, ಮರದ ಮುಂಬಾಗಿಲ ಮೇಲೆ ಒಣಗಲು ನೇತುಹಾಕಿದ ಪರ್ಸಿಮನ್ ಹಣ್ಣು, ನದಿಗೆ ಅಡ್ಡಲಾಗಿ ಕುಂಕುಮ ಬಣ್ಣದ ಸೇತುವೆ. ಗುಡ್ಡಗಳಿಗೆ ಯಾರೋ ಬೆಂಕಿ ಹಚ್ಚಿ ಆರಿಸಲು ಮರೆತ ಹಾಗೆ ಕೆಂಪು, ಹಳದಿ, ಕಿತ್ತಳೆ.

"ಚೆನ್ನಾಗಿದೆ ಕಣ್ರೀ," ಎಂದಳು ವಿಜಯಾ, ತಡೆಯಲಾರದೆ.

"ಮಾರ್ಕು?"

"ಇದು ದೇವರು ಬರೆದಿರೋದು. ನಿಮ್ಮ ಪೇಪರ್ ಇನ್ನೂ ಮುಂದಿದೆ."

ಮುಂದಿದ್ದದ್ದು ಇರೋಹಾಝಾಕಾ. ಕೆರೆಯಿರುವ ಎತ್ತರಕ್ಕೆ ಹತ್ತುವ ಘಟ್ಟ. ಹಿಂದಿನ ಕಾಲದಲ್ಲಿ ಅದರ ಬುಡಕ್ಕೆ ಬಂದು ಕುದುರೆಗಳು ವಾಪಸು ಹೋಗುತ್ತಿದ್ದವಂತೆ. ಹತ್ತಲು ಒಂದು ದಾರಿ, ಇಳಿಯಲು ಬೇರೆಯೇ ದಾರಿ, ಎರಡೂ ಏಕಮುಖ. ಪ್ರತಿ ತಿರುವಿಗೂ ಒಂದು ಫಲಕ, ಅದರ ಮೇಲೆ ಜಪಾನಿನ ಹಳೆಯ ವರ್ಣಮಾಲೆಯ ಒಂದೊಂದು ಅಕ್ಷರ. ಮೋಹಿತ್ ಒಂದೊಂದನ್ನೂ ಕೂಗಿ ಓದುತ್ತಿದ್ದ. "ಇ! ರೋ! ಹಾ!" ಶ್ರೀಕಂಠ ಒಂದೊಂದಕ್ಕೂ ಎಡಬಲ ನೋಡಿ "ಯೋಶಿ!" ಎನ್ನುತ್ತಿದ್ದ. ಹಿಂದೆ ಮುಂದೆ ಇಡೀ ಟೋಕಿಯೋ ಎಲೆ ನೋಡಲು ಬಂದಂತಿತ್ತು. ಕ ಅಕ್ಷರದ ತಿರುವಿನಲ್ಲಿ ಸಾಲು ನಿಂತೇಬಿಟ್ಟಿತು. ಶ್ರೀಕಂಠ ಗಾಡಿಯನ್ನು ಪಾರ್ಕಿಗೆ ಹಾಕಿ ಕಾಲು ಸಡಿಲಿಸಿದ.

ರಸ್ತೆಯಂಚಿನ ಕಂಬಿಯ ಮೇಲೆ ಕೆಂಪು ಮೋರೆಯ ಕೋತಿಯೊಂದು ಟೋಲ್ ವಸೂಲಿಗೆ ಕೂತ ಅಧಿಕಾರಿಯ ಹಾಗೆ ಕೂತಿತ್ತು.

"ಅಮ್ಮಾ, ಮಂಕೀ! ಕವಾಯಿ!" ಎಂದ ಮೋಹಿತ್. ಮುದ್ದಾಗಿದೆ ಎಂದರ್ಥ. ಫೋಟೋ ಚೆನ್ನಾಗಿ ಬರಲೆಂದು ಅವನು ಬಾಗಿಲ ಗುಂಡಿ ಒತ್ತಿದ.

ಜಪಾನಿನ ಸರಿಯುವ ಬಾಗಿಲು ಎಷ್ಟು ವಿನಯವಂತ ಬಾಗಿಲೆಂದರೆ, ಅದು ಇಂಪಾದ ನಾದ ಹೊಮ್ಮಿಸುತ್ತ, ನೆಂಟರನ್ನು ಬರಮಾಡಿಕೊಳ್ಳುವ ಹಾಗೆ ಮೆಲ್ಲಗೆ, ಪೂರ್ತಿಯಾಗಿ ತೆರೆದುಕೊಂಡಿತು. ನೆಂಟರು ಬಂದರು. ಮೋಹಿತನ ಕಾಲ ಬಳಿಯಿದ್ದ ಚೀಲವನ್ನು ಎತ್ತಿಕೊಂಡರು. ವಿಜಯಾ ತಿರುಗಿ "ಏಯ್!" ಎನ್ನುವಷ್ಟರಲ್ಲಿ ಹೊರಟೂ ಹೋದರು. ಬಾಗಿಲು ಅದೇ ನಾದ ಹೊಮ್ಮಿಸುತ್ತ ಮೆಲ್ಲಗೆ ಮುಚ್ಚಿಕೊಂಡಿತು. ಸಾಹಿತ್ಯ ತಲೆಯೆತ್ತದೆಯೇ ಒಂದು ಫೋಟೋ ತೆಗೆದಿದ್ದಳು.

ಕಾರು ಪೀಂ ಪೀಂ ಪೀಂ ಎಂದಿತು.

"ಹಾಂ, ಗೊತ್ತು, ಮುಂದಿನವನು ಹೊರಟ," ಎಂದು ಶ್ರೀಕಂಠ ಗಾಡಿ ಹೊರಡಿಸಿದ. "ವಿಜಿ, ಇದು ನನ್ನ ಲೆಕ್ಕಕ್ಕೆ ಬರಲ್ಲ ತಾನೆ?"

"ಬಿಡಿ. ಪ್ರಸಾದ ಅಷ್ಟೇ ಅಲ್ವಾ ಹೋಗಿದ್ದು? ಚಿತ್ರಾನ್ನದ ಡಬ್ಬಿ ಇಲ್ಲೇ ಇದೆ. ಆಂಜನೇಯಸ್ವಾಮಿನೇ ಬಂದು ತಗೊಂಡ್ಹೋದ ಅಂದ್ಕೊಳ್ಳೋಣ." ಅವಳು ಕೈ ಮುಗಿದಳು ಕೂಡ.

ಕಾರು ಪೀಂ ಎನ್ನುತ್ತಲೇ ಇತ್ತು. ಮುಂದುಗಡೆಯ ಪರದೆಯ ಮೇಲೆ ಏನೋ ಬರೆದು ತೋರಿಸುತ್ತಲೂ ಇತ್ತು. ಇನ್ನೊಂದು ಕಾಫಿ ಕುಡಿಯಲು ಹೇಳುತ್ತಿದೆಯೆಂದು ಶ್ರೀಕಂಠ ಅದರತ್ತ ಪ್ರೀತಿಯಿಂದ ನಕ್ಕ. ಎರಡು ತಿರುವು ಕಳೆದ ಮೇಲೆ ಸಾಹಿತ್ಯ ಒಂದು ಕಿವಿಯ ಇಯರ್‌ಫೋನ್ ತೆಗೆದು, ಸೀಟುಗಳ ನಡುವೆ ಕತ್ತು ಚಾಚಿ ಓದಿದಳು.

"ಅಪ್ಪ, ಕೀ ಇಲ್ಲ ಅಂತಿದೆ."

"ಯಾರು?"

"ಕಾರು. ಕೀ ಕಾಣಿಸ್ತಿಲ್ಲ, ಚೆಕ್ ಮಾಡಿ ಅಂತ. ಪೊಲೈಟ್ ಆಗಿ ಕೇಳ್ತಿದೆ. ತುಂಬಾ ಹೊತ್ತಿಂದ."

"ಕೀ ವಿಜಿ ಹತ್ರ ಇದೆ. ಅಲ್ವಾ ವಿಜಿ?"

ವಿಜಯಾ ತನ್ನ ಕೈಚೀಲ ತಡಕಿದಳು. ಅವಳ ಕಣ್ಣೆದುರಿಗೆ ಪೂಜೆಯ ತಟ್ಟೆ ಬಂದಿತ್ತು. ಆ ತಟ್ಟೆಯಲ್ಲಿ ಬಾಳೆಹಣ್ಣು. ಪಕ್ಕದಲ್ಲಿ ತೆಂಗಿನ ಹೋಳು. ಅದರ ಪಕ್ಕದಲ್ಲಿ, ಹೂವು ಕಟ್ಟಿಸಿಕೊಂಡು, ಹಣೆಗೆ ಕುಂಕುಮವಿಟ್ಟುಕೊಂಡು ಕೂತಿದ್ದ ಇತ್ಯಾದಿ.

"ರೀ," ಎಂದಳು ಕೊನೆಗೆ. ಮದುವೆಯಾದಾಗಿನಿಂದ ಶ್ರೀಕಂಠ ಕೇಳಿರದ ಸಣ್ಣ ದನಿ. "ಕಾರ್ ಆಫ್ ಮಾಡ್ಬೇಡಿ."

"ಯಾಕೆ?"

"ಕೀ ಚೀಲದಲ್ಲಿತ್ತು."

ಕಾರಿನಲ್ಲಿ ನಾಲ್ಕು ಜನ ಉಸಿರು ಬಿಗಿಹಿಡಿದರೆ ಗಾಜಿಗೆ ಮಂಜು ಕಟ್ಟುವುದಿಲ್ಲವೆಂದು ಆಗ ಗೊತ್ತಾಯಿತು. ಓಡುತ್ತಿರುವ ತನಕ ಕಾರಿಗೆ ಕೀ ಬೇಡ. ಆದರೆ ಒಮ್ಮೆ ಇಂಜಿನ್ ಆರಿಸಿದರೆ ಅದು ಅಲ್ಲೇ ಕಲ್ಲಾಗುತ್ತದೆ. ಇತ್ತ ರಸ್ತೆ ಏಕಮುಖ, ತಿರುಗಿಸುವಂತಿಲ್ಲ. ಹಿಂದೆ ಟೋಕಿಯೋ ನಗರ.

"ಬಾಡಿಗೆ ಕಂಪನಿಗೆ ಫೋನ್ ಮಾಡು ಪುಟ್ಟಿ," ಎಂದಳು ವಿಜಯಾ.

"ಏನಂತ ಹೇಳ್ಲಿ? ನಮ್ಮಮ್ಮ ಕೀಗೆ ಪೂಜೆ ಮಾಡಿದ್ರು, ಆಮೇಲೆ ಮಂಕಿ ಬಂದು ಕೀ ತಗೊಂಡ್ ಹೋಯ್ತು ಅಂತನಾ? ನೋ ವೇ! ಹಝುಕಾಶಿ!" ನಾಚಿಕೆಯಾಗುತ್ತದೆ ಎಂಬುದನ್ನು ಅವಳು ಯಾವಾಗಲೂ ಜಪಾನಿಯಲ್ಲೇ ಹೇಳುತ್ತಿದ್ದಳು. ಆದರೆ ಇನ್ನೊಂದು ಕಿವಿಯ ಇಯರ್‌ಫೋನನ್ನೂ ತೆಗೆದು ಜೇಬಿಗಿಟ್ಟಳು. ಇದು ನಡೆದದ್ದು ಎರಡು ವರ್ಷದಲ್ಲಿ ಮೊದಲ ಸಲ.

ಪರೀಕ್ಷೆ ಮುಗಿದುಹೋಯಿತೆಂದು ಶ್ರೀಕಂಠನಿಗೆ ಗೊತ್ತಾಗಿತ್ತು. ಇದಕ್ಕಿಂತ ದೊಡ್ಡ ಎಡವಟ್ಟು ಘಟ್ಟದ ಇತಿಹಾಸದಲ್ಲೇ ಇರಲಾರದು. ಕಾರಿನ ಕನಸು ಕೋತಿಯ ಕಂಕುಳಲ್ಲಿ ಹೊರಟುಹೋಗಿತ್ತು. ಆದರೆ ಚಾಮುಂಡಿ ಬೆಟ್ಟದ ವೀರನ ರಕ್ತ ಒಳಗೆಲ್ಲೋ ಕುದಿಯಿತು. ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದ:

"ಯಾವ ಅಕ್ಷರದಲ್ಲಿ?"

"ಕ!" ಎಂದ ಮೋಹಿತ್.

"ಸರಿ. ಹತ್ತಿ, ಇಳಿದು, ಮತ್ತೆ ಹತ್ತೋಣ. ಪ್ರದಕ್ಷಿಣೆ ಹಾಕೋಣ. ಎಲ್ಲರೂ ಬೆಲ್ಟ್ ನೋಡ್ಕೊಳ್ಳಿ."

ಆಮೇಲೆ ನಡೆದದ್ದನ್ನು ವರ್ಣಿಸಲು ದೊಡ್ಡ ಕವಿಯೇ ಬೇಕು, ಸಿಕ್ಕಿರುವುದು ನಾನು. ಮೇಲಿನ ಊರಿಗೆ ರಥ ತಲುಪಿತು. ಎಡಗಡೆ ಪ್ರಖ್ಯಾತ ಜಲಪಾತ ಭೋರ್ಗರೆಯುತ್ತಿತ್ತು, ಯಾರೂ ನೋಡಲಿಲ್ಲ. ಕೆರೆ ನೀಲಿಯಾಗಿ ಕಾದು ಕೂತಿತ್ತು. ಅದನ್ನು ಕಣ್ಣಂಚಿನಲ್ಲಿ ನೋಡಿ ಮುಂದೆ ಹೋದರು. ಮೋಹಿತನಿಗೆ ಒಂದಕ್ಕೆ ಹೋಗಬೇಕಿತ್ತು. ಅವನನ್ನು ಸಾಹಿತ್ಯ ಓಡಿಸಿಕೊಂಡು ಹೋಗಿ ಬರುವ ತನಕ ಶ್ರೀಕಂಠ ಸ್ಟಾರ್ಟಿನಲ್ಲಿದ್ದ ಕಾರಿನಲ್ಲಿ, ಗುಂಡಿಯ ಮೇಲೆ ಯಾರೂ ಕೈಯಿಡದಂತೆ ಎರಡೂ ಅಂಗೈ ಮುಚ್ಚಿಕೊಂಡು, ಹೆಡೆಯೆತ್ತಿದ ಸರ್ಪದ ಹಾಗೆ ಕಾವಲು ಕೂತ. ಅವನಿಗೂ ಹೋಗಬೇಕಿತ್ತು. ಹೋಗಲಿಲ್ಲ.

ಇಳಿಯುವ ದಾರಿ ಹಳೆಯದು, ಕಿರಿದಾದದ್ದು, ತಿರುವುಗಳು ಇನ್ನೂ ಹೆಚ್ಚು.

"ಮಿಗಿ ಯೋಶಿ!" ಎಂದ ಶ್ರೀಕಂಠ.

"ಹಿದಾರಿ ಯೋಶಿ!" ಎಂದಳು ಸಾಹಿತ್ಯ. ನಗುತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ಮೋಹಿತನೂ ಸೇರಿಕೊಂಡ. ಮೂರನೆಯ ತಿರುವಿಗೆ ಅದೊಂದು ಭಜನೆಯಾಯಿತು. ವಿಜಯಾ ಮಾತ್ರ ಕೈ ಕಟ್ಟಿಕೊಂಡು ಕಾಯುತ್ತಿದ್ದಳು. ಗಂಡ ಈಗ ಬೈಯುತ್ತಾನೆ, ಈ ತಿರುವು ಕಳೆದ ಮೇಲೆ ಬೈಯುತ್ತಾನೆ. ಕೊಡೆಗಳ ಸೇಡು ತೀರಿಸಿಕೊಳ್ಳುತ್ತಾನೆ. ಅವನ ಜಾಗದಲ್ಲಿ ತಾನಿದ್ದರೆ ಇಷ್ಟು ಹೊತ್ತಿಗೆ ಏನೇನು ಹೇಳಿರುತ್ತಿದ್ದೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಘಟ್ಟ ಇಳಿಯುವ ಹೊತ್ತಿಗೆ ತಡೆಯಲಾಗಲಿಲ್ಲ.

"ಬೈದ್ಬಿಡಿ ರೀ. ಒಂದ್ಸಲ ಬೈದ್ಬಿಡಿ, ಮುಗಿದುಹೋಗ್ಲಿ."

"ಇರೇ, ತಿರುವಿದೆ."

ತಿರುವು ಕಳೆಯಿತು.

"ಈಗ?"

"ಇನ್ನೊಂದಿದೆ."

ಅವನು ನಿಜವಾಗಿಯೂ ಬೈಯುವುದನ್ನು ಮರೆತಿದ್ದಾನೆಂದು ಆಗ ಅವಳಿಗೆ ಹೊಳೆಯಿತು. ಮರೆವು ಇಂಥ ಉಪಯೋಗಕ್ಕೂ ಬರುತ್ತದೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಘಟ್ಟದ ಬುಡದ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ನಿಂತದ್ದೇ ಇಂಜಿನ್ ಸದ್ದಿಲ್ಲದೆ ಆರಿಹೋಯಿತು. ವಿಜಯಾ ಕಿಟಾರನೆ ಕಿರುಚಿದಳು. ಮೋಹಿತ್ ಅತ್ತ. ಶ್ರೀಕಂಠನ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. ದೀಪ ಹಸಿರಾಯಿತು. ಅವನು ಬ್ರೇಕಿನಿಂದ ಕಾಲು ತೆಗೆದ. ಇಂಜಿನ್ ಏನೂ ಆಗದ ಹಾಗೆ ಎದ್ದಿತು.

"ಅದು ಪೆಟ್ರೋಲ್ ಉಳಿಸೋಕೆ ತಾನೇ ಹಾಗೆ ಮಾಡುತ್ತೆ. ಬೆಳಿಗ್ಗೆಯಿಂದ ಎಲ್ಲಾ ಸಿಗ್ನಲ್ಲಲ್ಲೂ ಮಾಡಿದೆ," ಎಂದಳು ಸಾಹಿತ್ಯ.

"ಮೊದ್ಲೇ ಹೇಳ್ಬಾರ್ದಾ ಪುಟ್ಟಿ?"

"ಮೊದ್ಲು ನೀವು ಗಮನಿಸ್ತಾನೇ ಇರ್ಲಿಲ್ಲ ಅಪ್ಪ."

ಕುದುರೆಗಳು ವಾಪಸು ಹೋಗುತ್ತಿದ್ದ ಜಾಗದಲ್ಲಿ ರಥವನ್ನು ತಿರುಗಿಸಿಕೊಂಡು ಶ್ರೀಕಂಠ ಎರಡನೇ ಸಲ ಘಟ್ಟ ಹತ್ತಿದ. ಇ, ರೋ, ಹಾ. ಅದೇ ಕಾಡು, ಅದೇ ಕೆಂಪು. ಆದರೆ ಈ ಸಲ ನಾಲ್ವರೂ ಒಂದೊಂದು ಮರ, ಒಂದೊಂದು ಕಂಬಿಯನ್ನು ಕಣ್ಣಲ್ಲಿ ಜಾಲಾಡುತ್ತಿದ್ದರು. ಆ ದಿನ ಆ ಕಾಡನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಪ್ರವಾಸಿಗರು ಬೇರೆ ಯಾರೂ ಇರಲಿಕ್ಕಿಲ್ಲ.

ಕ ಅಕ್ಷರ ಹತ್ತಿರ ಬಂತು. ಸಾಲು ಮತ್ತೆ ನಿಧಾನವಾಗಿ, ನಿಂತಿತು. ಅದೇ ಕಂಬಿ, ಅದೇ ಅಧಿಕಾರಿ. ಕೈಯಲ್ಲಿ ನಮ್ಮ ತೆಂಗಿನ ಹೋಳು. ಚೀಲ ಮಾತ್ರ ಇಲ್ಲ.

"ಅಲ್ಲಿ! ಅಲ್ಲಿ ನೋಡಿ! ಕೆಳಗೆ!" ಎಂದು ಮೋಹಿತ್ ಕಿರುಚಿದ.

ಜಪಾನಿನಲ್ಲಿ ದಾರಿಯಲ್ಲಿ ಏನಾದರೂ ಬಿದ್ದು ಸಿಕ್ಕರೆ, ಅದು ಮಗುವಿನ ಒಂಟಿ ಕಾಲುಚೀಲವೇ ಇರಲಿ, ಸಿಕ್ಕವರು ಅದನ್ನು ಅಲ್ಲೇ, ಕಳೆದುಕೊಂಡವರ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ ತೂಗುಹಾಕಿ ಹೋಗುತ್ತಾರೆ. ಕ ಅಕ್ಷರದ ಫಲಕದ ಕಂಬದಲ್ಲಿ, ಸೇವಂತಿಗೆಯ ದಾರದಿಂದ ಕುತ್ತಿಗೆಗೆ ಕಟ್ಟಿಸಿಕೊಂಡು, ಕುಂಕುಮವಿಟ್ಟುಕೊಂಡು ಕೀ ನೇತಾಡುತ್ತಿತ್ತು. ಕಂಬದ ಬುಡದ ಹತ್ತಿರ ಮೈಸೂರಿನ ಸೀರೆ ಅಂಗಡಿಯ ಚೀಲ, ಇಸ್ತ್ರಿ ಮಾಡಿದ ಹಾಗೆ ನಾಲ್ಕು ಮಡಿಕೆಯಾಗಿ, ಹಾರದಂತೆ ಒಂದು ಕಲ್ಲು ಹೇರಿಸಿಕೊಂಡು ಕೂತಿತ್ತು. ಬಾಳೆಹಣ್ಣಿನ ಸಿಪ್ಪೆಯನ್ನೂ ಯಾರೋ ಒಯ್ದಿದ್ದರು.

ಕೋತಿ ಕಂಬಕ್ಕೂ ಕಾರಿಗೂ ನಡುವೆ ಕೂತಿತ್ತು.

ಶ್ರೀಕಂಠ ಬೆಲ್ಟಿಗೆ ಕೈ ಹಾಕಿದ. "ನೀವು ಕೂತ್ಕೊಳ್ಳಿ. ಗಾಡಿ ಬಿಟ್ಟು ಏಳ್ಬೇಡಿ," ಎಂದಳು ವಿಜಯಾ. ರಸ್ತೆಯ ಮಧ್ಯೆ ಕಾರಿನಿಂದ ಇಳಿಯಬಾರದೆಂದು ಮಕ್ಕಳಿಗೆ ಜನ್ಮವಿಡೀ ಹೇಳಿದವಳು ಬಾಗಿಲು ತೆಗೆದು ರಸ್ತೆಯ ಮಧ್ಯೆಯೇ ಇಳಿದಳು. ಹಿಂದಿನ ಕಾರಿಗೆ ಬಗ್ಗಿ, ಕ್ಷಮೆ ಕೇಳುತ್ತ, "ಸುಮಿಮಾಸೆನ್" ಎಂದಳು. ಅದರ ಹಿಂದಿನದಕ್ಕೂ ಎಂದಳು. ಆಮೇಲೆ ಕೋತಿಯತ್ತ ತಿರುಗಿ, ಲೆಕ್ಕ ತಪ್ಪು ಮಾಡಿದ ಹುಡುಗರನ್ನು ನೋಡುವ ಹಾಗೆ ನೋಡಿದಳು.

"ಏಳು ಮೇಲೆ."

ಕೋತಿ ಕನ್ನಡ ಕಲಿತಿತ್ತೋ ಇಲ್ಲವೋ, ಗಣಿತದ ಮೇಡಂ ಯಾರೆಂದು ಅದಕ್ಕೆ ತಿಳಿಯಿತು. ತೆಂಗಿನ ಹೋಳನ್ನು ಎದೆಗವಚಿಕೊಂಡು ಮೂರು ಗೇಣು ಸರಿದು ಕೂತಿತು. ವಿಜಯಾ ಕೀ ಬಿಡಿಸಿಕೊಂಡು, ಚೀಲ ಎತ್ತಿಕೊಂಡು, ಕಂಬಕ್ಕೊಂದು ನಮಸ್ಕಾರ ಹಾಕಿ ಓಡಿ ಬಂದಳು. ಹಿಂದಿದ್ದ ಅಷ್ಟೂ ಕಾರುಗಳಲ್ಲಿ ಒಂದೂ ಹಾರ್ನ್ ಮಾಡಲಿಲ್ಲ. ಶ್ರೀಕಂಠ ಹಿಂದಿನ ದೀಪ ಮಿಟುಕಿಸಿದ, ಮಿಟುಕಿಸಿದ, ಮೇಲಿನ ಊರು ಬರುವ ತನಕ ಮಿಟುಕಿಸುತ್ತಲೇ ಇದ್ದ. ಕಾರಿನ ಪೀಂ ನಿಂತಿತ್ತು.

ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದ. ಅವನು ಗುಂಡಿ ಒತ್ತಿದ, ಇಂಜಿನ್ ಆರಿತು. ನಾಲ್ವರೂ ಉಸಿರು ಬಿಗಿಹಿಡಿದರು. ಮತ್ತೆ ಒತ್ತಿದ. ಎದ್ದಿತು. ಮತ್ತೆ ಆರಿಸಿದ. ಮತ್ತೆ ಎಬ್ಬಿಸಿದ.

"ಸಾಕು ಬಿಡಿ ರೀ, ಪಾಪ," ಎಂದಳು ವಿಜಯಾ.

ಅವನು ಓಡಿದ್ದು ಕೆರೆಯ ಕಡೆಗಲ್ಲ, ಶೌಚಾಲಯದ ಕಡೆಗೆ. ವಾಪಸು ಬರುವಾಗ ಮುಖದಲ್ಲಿ ಮಹರ್ಷಿಗಳ ಶಾಂತಿಯಿತ್ತು. ದಂಡೆಯ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ತೆರೆದಿತ್ತು. ಬೆಟ್ಟ ತಲೆಕೆಳಗಾಗಿ ನೀರಿನಲ್ಲಿ ಕೆಂಪಗೆ ಉರಿಯುತ್ತಿತ್ತು. ಅವನು ತಟ್ಟೆ ಹಿಡಿದು ಕೂತು, ಆದಷ್ಟು ಸಹಜವಾಗಿ ಹೇಳಿದ:

"ಸರಿ, ಷರತ್ತು ಷರತ್ತೇ. ಎಡವಟ್ಟು ಆಯ್ತು. ಇನ್ನು ರಿಟೈರ್ ಆಗೋ ತನಕ ಆ ಮಾತು ಎತ್ತಲ್ಲ."

"ಎಡವಟ್ಟು ಯಾರ್ದು?" ಎಂದಳು ವಿಜಯಾ.

ಶ್ರೀಕಂಠ ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕತೊಡಗಿದ. ಅಷ್ಟು ಸಂಸಾರಜ್ಞಾನ ಅವನಿಗೂ ಇತ್ತು.

"ಅಮ್ಮಂದು," ಎಂದ ಮೋಹಿತ್. ಸಾಹಿತ್ಯ ಅವನ ಕಾಲು ತುಳಿದಳು.

"ಅಮ್ಮಂದೇ," ಎಂದಳು ವಿಜಯಾ. "ಪ್ರಶ್ನೆಪತ್ರಿಕೆ ತಪ್ಪಿದ್ರೆ ಬರೆದ ಮಕ್ಕಳಿಗೆಲ್ಲ ಪೂರ್ತಿ ಮಾರ್ಕು ಕೊಡ್ಬೇಕು. ಅದೇ ರೂಲ್ಸು. ಎರಡು ಸಲ ಹತ್ತಿಸಿದ್ರಿ, ಒಂದು ಗೀರೂ ಇಲ್ಲ. ಕಾರ್ ತಗೊಳ್ಳೋಣ."

ಶ್ರೀಕಂಠನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಆದ್ರೆ ಒಂದು. ಕೀ ತೂರಿಸಿ ತಿರುಗಿಸೋ ಅಂಥ ಹಳೇ ಕಾಲದ್ದು ಹುಡುಕಿ. ಕಾರ್ ಓಡ್ತಿದೆ ಅಂದ್ರೆ ಕೀ ಅದರಲ್ಲೇ ಚುಚ್ಚಿಕೊಂಡಿರ್ಬೇಕು. ನನ್ನ ಕಣ್ಣಿಗೆ ಕಾಣ್ತಾ ಇರ್ಬೇಕು."

ಗಿರಿಧರನಿಗೆ ಉತ್ತರ ಕಳಿಸಬೇಕಿತ್ತು. ನೋಡಿದರೆ ಸೇತುವೆಯದ್ದಾಗಲಿ, ಜಲಪಾತದ್ದಾಗಲಿ ಒಂದು ಫೋಟೋವೂ ಇರಲಿಲ್ಲ. ಇದ್ದದ್ದು ಸಾಹಿತ್ಯ ತೆಗೆದದ್ದೊಂದೇ: ಮೈಸೂರಿನ ಸೀರೆ ಅಂಗಡಿಯ ಚೀಲವನ್ನು ಹೆಗಲಿಗೇರಿಸಿಕೊಂಡು, ಸಂತೆ ಮುಗಿಸಿ ಹೊರಟ ಗೃಹಿಣಿಯ ಗಾಂಭೀರ್ಯದಲ್ಲಿ ಇಳಿಯುತ್ತಿರುವ ಕೋತಿ. ಅದನ್ನೇ ಕಳಿಸಿದರು. ಜರ್ಮನಿಯಿಂದ ಕ್ಷಣದಲ್ಲಿ ಉತ್ತರ ಬಂತು: "ಭಾವ, ನಮ್ಮ ಕಾಡಲ್ಲಿ ಇದೆಲ್ಲ ಇಲ್ಲ!"

ಹೊರಡುವ ಹೊತ್ತಾಯಿತು. ವಿಜಯಾ ಕೀಯ ದಾರವನ್ನು ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ಶ್ರೀಕಂಠ ಎಂದಿನಂತೆ ಕಾರಿನ ಸುತ್ತ ಬಂದು, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಅಡಿಗೆ ನೋಡಿದ. ಆ ಕಡೆಯಿಂದ ಇನ್ನೊಂದು ಮುಖವೂ ಬಗ್ಗಿ ನೋಡುತ್ತಿತ್ತು.

"ಯೋಶಿನಾ?" ಎಂದ ಅವನು.

"ಯೋಶಿ ರೀ," ಎಂದಳು ವಿಜಯಾ. "ಏಳಿ, ಪ್ಯಾಂಟು ಕೊಳೆ ಆಗುತ್ತೆ."